ಕರಿ ಹರಿಯುವ ಎತ್ತಿನ ಫೋಟೊ ಯಾಕೆ ಮಸುಕಾಗುತ್ತದೆ?

ಪ್ರಶ್ನೆ: ಕಾರ ಹುಣ್ಣಿಮೆಯ ದಿನ ನಮ್ಮೂರಲ್ಲಿ ಕರಿ ಹರಿಯುವಾಗ (ಎತ್ತುಗಳು ಓಡಿಬಂದು ಬೇವಿನ ಸೊಪ್ಪಿನ ಹಗ್ಗ ಹರಿಯುವಾಗ) ತೆಗೆದ ಫೋಟೊಗಳೆಲ್ಲ ಮಸುಕು. ಕ್ಯಾಮೆರಾ ಒಳ್ಳೆಯದೇ ಇದೆ. ಶಟರ್ ಸ್ಪೀಡ್ ಎಷ್ಟಿಡಬೇಕು?
– ಓದುಗರು, ಕುಷ್ಟಗಿ ತಾಲ್ಲೂಕು

ಮೊದಲು ಒಂದು ಲೆಕ್ಕ. ಎತ್ತು ಗಂಟೆಗೆ 30 ಕಿ.ಮೀ. ವೇಗದಲ್ಲಿ ಓಡುತ್ತಿದೆ ಅಂದುಕೊಳ್ಳಿ. ಕ್ಯಾಮೆರಾದೊಳಗೆ ಬೆಳಕು ಬಿಡುವ ಶಟರ್ 1/60 ಸೆಕೆಂಡು ತೆರೆದಿದ್ದರೆ ಅಷ್ಟರಲ್ಲಿ ಅದು ಸುಮಾರು 14 ಸೆಂ.ಮೀ. ಮುಂದೆ ಹೋಗಿರುತ್ತದೆ, ಅರ್ಧ ಗೇಣಿಗಿಂತ ಹೆಚ್ಚು. 1/1000 ಇಟ್ಟರೆ ಬರೀ 8 ಮಿ.ಮೀ., ಎರಡು ಜೋಳದ ಕಾಳಿನಷ್ಟು. ಕರಿ ಹರಿಯುವುದು ಹೊತ್ತು ಇಳಿದ ಮೇಲೆ, ಮೇಲಾಗಿ ಮುಂಗಾರಿನ ಮೋಡ. ಆಟೋದಲ್ಲಿಟ್ಟರೆ ಬೆಳಕು ಸಾಲದೆಂದು ಕ್ಯಾಮೆರಾ ತಾನೇ ಶಟರನ್ನು ನಿಧಾನ ಮಾಡುತ್ತದೆ. ನಿಮಗೆ ಆಗಿರುವುದು ಬಹುಶಃ ಇದೇ.

ಬೇವಿನ ಸೊಪ್ಪು ಕಟ್ಟಿದ ಹಗ್ಗ ಹರಿಯುವ ಗಳಿಗೆ ಬೇಕಿದ್ದರೆ 1/1000 ಇಡಿ, ಐಎಸ್‌ಒ (ಕ್ಯಾಮೆರಾ ಬೆಳಕಿಗೆ ಎಷ್ಟು ಸೂಕ್ಷ್ಮ ಎಂಬ ಅಂಕಿ) 1600 ಅಥವಾ 3200ಕ್ಕೆ ಏರಿಸಿ. ಫೋಟೊ ತುಸು ತರಿತರಿಯಾದರೂ ಸಹಿಸಬಹುದು, ಮಸುಕಾದರೆ ಸರಿಪಡಿಸಲು ಬರುವುದಿಲ್ಲ. ಹಗ್ಗ ಎಲ್ಲಿದೆ ಎಂಬುದು ಗೊತ್ತೇ ಇರುತ್ತದಲ್ಲ, ಅದರ ಮೇಲೆ ಮೊದಲೇ ಫೋಕಸ್ ಲಾಕ್ ಮಾಡಿಕೊಂಡು ಕಾಯಿರಿ. ಕೆಂದೆತ್ತು ಮುಂದಾದರೆ ಮುಂಗಾರಿ, ಬಿಳಿ ಎತ್ತು ಮುಂದಾದರೆ ಹಿಂಗಾರಿ ಬೆಳೆ ಹುಲುಸು ಎಂಬ ನಂಬಿಕೆ ಇರುವ ಊರಲ್ಲಿ ಈ ಫೋಟೊ ಎಲ್ಲರಿಗೂ ಬೇಕು!

ಆದರೆ 1/1000ದಲ್ಲಿ ಓಡುವ ಎತ್ತೂ ಒಮ್ಮೊಮ್ಮೆ ನಿಂತಂತೆಯೇ ಕಾಣುತ್ತದೆ. ಓಟವೇ ಕಾಣಬೇಕೆಂದರೆ ನನ್ನ ಆಯ್ಕೆ 1/60, ಪ್ಯಾನಿಂಗ್, ಅಂದರೆ ಎತ್ತಿನ ಜೊತೆಗೇ ಕ್ಯಾಮೆರಾ ತಿರುಗಿಸುವುದು. ಎತ್ತು ಅಡ್ಡ ಹಾಯುವ ಕಡೆ ಪಾದ ಊರಿ ನಿಲ್ಲಿ. ದೂರದಿಂದಲೇ ಅದರ ಕಣ್ಣನ್ನು ಫ್ರೇಮಿನಲ್ಲಿ ಹಿಡಿದು, ಅದರ ಓಟದಷ್ಟೇ ವೇಗದಲ್ಲಿ ಸೊಂಟದಿಂದ ತಿರುಗುತ್ತ ಒತ್ತಿ. ಒತ್ತಿದ ಮೇಲೂ ತಿರುಗುತ್ತಲೇ ಇರಿ. ಬಹಳಷ್ಟು ಜನ ತಪ್ಪುವುದು ಇಲ್ಲೇ, ಕ್ಲಿಕ್ ಆದ ಕೂಡಲೇ ಕೈ ನಿಂತುಬಿಡುತ್ತದೆ. ನಾನು ನಲವತ್ತು ತೆಗೆದರೆ ಮೂರು ನಿಲ್ಲುತ್ತವೆ. ಅಂಥದೊಂದರಲ್ಲಿ ಬಣ್ಣದ ಕೊಂಬು, ಕೊಂಬಿನ ಗೊಂಡೆ, ಕಣ್ಣಿನ ಬಿಳಿ ಎಲ್ಲ ಸ್ಪಷ್ಟ. ಕಾಲುಗಳು ಧೂಳಲ್ಲಿ ಕರಗಿವೆ, ಹಿಂದಿನ ಜನರ ರುಮಾಲುಗಳು ಉದ್ದುದ್ದ ಗೆರೆಗಳಾಗಿವೆ.

ನೇರ ಎದುರಿಗೆ ಬರುವ ಎತ್ತಿಗೆ 1/250 ಕೂಡ ಸಾಕಾದೀತು, ಆದರೆ ದಯವಿಟ್ಟು ಅಲ್ಲಿ ನಿಲ್ಲಬೇಡಿ. ಕಟ್ಟೆಯನ್ನೋ ಮಾಳಿಗೆಯನ್ನೋ ಹತ್ತಿ. ಮೊಬೈಲಿನಲ್ಲಾದರೆ ನೈಟ್ ಮೋಡ್ ತೆಗೆದು ಪ್ರೊ ಮೋಡಿಗೆ ಹೋಗಿ, ಇವೇ ಅಂಕಿ ನಡೆಯುತ್ತವೆ.

ಹಬ್ಬಕ್ಕೆ ವಾರ ಇರುವಾಗ ಒಂದು ಸಂಜೆ ಊರ ಹೊರಗಿನ ರಸ್ತೆ ಪಕ್ಕ ನಿಂತು, ಹೋಗುವ ಬರುವ ಬೈಕುಗಳ ಮೇಲೆ ಕೈ ಪಳಗಿಸಿಕೊಳ್ಳಿ.