ದುರ್ಗದಬೈಲಿನ ದಟ್ಟಣೆಯನ್ನು ಓದುವ ಬಗೆ

ನಗರ ಯೋಜಕನಾಗಿ ನಾನು ಹೋಗುವ ವಾರ್ಡ್ ಸಭೆಗಳಲ್ಲಿ ನೀರು, ಗಟಾರ, ರಸ್ತೆ ಯಾವುದರ ಚರ್ಚೆ ನಡೆದರೂ ಕೊನೆಗೆ ಯಾರಾದರೊಬ್ಬರು ‘ಮಂದಿ ಭಾಳ ಆಗ್ಯಾರ್ರೀ’ ಎಂದುಬಿಡುತ್ತಾರೆ. ಸಂಜೆ ಹುಬ್ಬಳ್ಳಿಯ ಹಳೆಯ ಪೇಟೆಯಾದ ದುರ್ಗದಬೈಲಿನಲ್ಲಿ ಹೆಜ್ಜೆಯಿಡಲು ಜಾಗ ಸಿಗದವರಿಗೆ ಹಾಗನ್ನಿಸುವುದು ಸಹಜವಾದರೂ, ಜನರೆಷ್ಟು ಎಂಬುದು ಒಂದು ಪ್ರಶ್ನೆ, ಅವರೆಲ್ಲ ಅಲ್ಲಿಯೇ ಏಕೆ ಸೇರುತ್ತಾರೆ ಎಂಬುದು ಇನ್ನೊಂದು.

ಮೊದಲನೆಯದಕ್ಕೆ ಉತ್ತರ ಚಿಕ್ಕದು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಒಬ್ಬ ಮಹಿಳೆಗೆ ಸರಾಸರಿ 1.7 ಮಕ್ಕಳು, ಜನಸಂಖ್ಯೆ ದೀರ್ಘಕಾಲ ಇದ್ದಷ್ಟೇ ಉಳಿಯಲು ಬೇಕಾದದ್ದು ಸುಮಾರು 2.1. ಅಂದರೆ ಹೆರಿಗೆ ಹೆಚ್ಚಾಗಿವೆ ಎನ್ನುವಂತಿಲ್ಲ. 2011ರ ಜನಗಣತಿಯಲ್ಲಿ ಹುಬ್ಬಳ್ಳಿ-ಧಾರವಾಡದ ಜನಸಂಖ್ಯೆ ಸುಮಾರು 9.44 ಲಕ್ಷವಿತ್ತು, ಪಾಲಿಕೆಯ ವಿಸ್ತೀರ್ಣ ಸುಮಾರು 200 ಚದರ ಕಿಲೋಮೀಟರ್. ಹರಡಿ ನೋಡಿದರೆ ಚದರ ಕಿಲೋಮೀಟರಿಗೆ ಐದು ಸಾವಿರಕ್ಕಿಂತ ಕಡಿಮೆ. ಆದರೆ ಜನ ಹಾಗೆ ಹರಡಿಕೊಂಡು ಬದುಕುವುದಿಲ್ಲ.

ಹಳೇ ಹುಬ್ಬಳ್ಳಿಯ ಎರಡು ಖೋಲಿಯ ಮನೆಯಲ್ಲಿ ಆರು ಜನ ಇರುವುದನ್ನು ಕಂಡು, ಊರ ಹೊರಗಿನ ಬಡಾವಣೆಗೆ ಇವರೇಕೆ ಹೋಗಬಾರದು ಎಂದು ಕೇಳುವವರು ಆ ಮನೆಯ ಲೆಕ್ಕವನ್ನು ಕೇಳಿರುವುದಿಲ್ಲ. ನಸುಕಿನಲ್ಲಿ ಹೂವು, ತರಕಾರಿ ತಂದು ಮಾರುವ ಹೆಣ್ಣುಮಗಳಿಗೆ ಪೇಟೆ ಕಾಲ್ನಡಿಗೆಯಲ್ಲಿರಬೇಕು. ಕೂಲಿ ಸಿಗದ ವಾರ ಕಿರಾಣಿ ಅಂಗಡಿಯಲ್ಲಿ ಉದ್ರಿ ಸಿಗಬೇಕು. ತಾನು ದುಡಿಯಲು ಹೋದಾಗ ಮಗುವಿನ ಮೇಲೆ ಕಣ್ಣಿಡುವ ನೆರೆಮನೆಯವರಿರಬೇಕು. ಹೊರಬಡಾವಣೆಯಲ್ಲಿ ಬಾಡಿಗೆ ಕಡಿಮೆಯಾದರೂ ಹೋಗಿಬರುವ ಖರ್ಚು ಮತ್ತು ಕಳೆದುಹೋಗುವ ಎರಡು ತಾಸು ಆ ಉಳಿತಾಯವನ್ನು ನುಂಗಿಬಿಡುತ್ತವೆ. ಇಕ್ಕಟ್ಟನ್ನು ಯಾರೂ ಬಯಸಿ ಬರುವುದಿಲ್ಲ. ಹತ್ತಿರವಿರುವುದಕ್ಕೆ ಅವರು ತೆರುವ ಬೆಲೆ ಅದು. ಮಳೆಯನ್ನೇ ನಂಬಿದ ಗದಗ, ಹಾವೇರಿ ಸೀಮೆಯ ಹಳ್ಳಿಗಳಿಂದ ಸುಗ್ಗಿ ಮುಗಿದ ಮೇಲೆ ದುಡಿಯಲು ಬರುವವರೂ ಮೊದಲು ಇಳಿಯುವುದು ತಮ್ಮೂರಿನವರು ಆಗಲೇ ನೆಲೆನಿಂತ ಓಣಿಯಲ್ಲಿ. ಮೆಣಸಿನಕಾಯಿ ಹಂಗಾಮಿನಲ್ಲಿ ಬ್ಯಾಡಗಿಯ ಮಾರುಕಟ್ಟೆ ಕಿಕ್ಕಿರಿಯುವುದನ್ನು ಕಂಡು ಬ್ಯಾಡಗಿಯಲ್ಲಿ ಹೆರಿಗೆ ಹೆಚ್ಚಾಗಿವೆ ಎಂದು ಯಾರೂ ಹೇಳುವುದಿಲ್ಲವಷ್ಟೆ.

ಮನೆಗಳ ಬೇಡಿಕೆಗೆ ಇನ್ನೊಂದು ಕಾರಣವುಂಟು. ಅಣ್ಣತಮ್ಮಂದಿರು ಬೇರೆಯಾದಾಗ ಜನರ ಎಣಿಕೆ ಅಷ್ಟೇ ಇದ್ದರೂ ಒಲೆಗಳು ಎರಡಾಗುತ್ತವೆ, ನಳಗಳೂ ಎರಡು ಬೇಕಾಗುತ್ತವೆ.

ನೀರಿನ ವಿಷಯದಲ್ಲಿ ಮಾತ್ರ ನಾನು ಹಟ ಹಿಡಿದು ವಾದಿಸುತ್ತೇನೆ, ಏಕೆಂದರೆ ವಾರಗಟ್ಟಲೆ ನಳ ಕಾಯ್ದವರಿಗೆ ‘ನೀವೇ ಹೆಚ್ಚಾಗಿದ್ದೀರಿ’ ಎನ್ನುವುದು ಅನ್ಯಾಯ. ನಮ್ಮ ಅವಳಿ ನಗರದ ಆಯ್ದ ಕೆಲವು ವಾರ್ಡುಗಳಲ್ಲಿ 2008ರಲ್ಲಿ ಹಗಲಿರುಳು ನೀರು ಬರತೊಡಗಿತು. ಅಲ್ಲಿಂದ ಯಾರನ್ನೂ ಒಕ್ಕಲೆಬ್ಬಿಸಿರಲಿಲ್ಲ. ಸೋರುವ ಹಳೆಯ ಕೊಳವೆಗಳನ್ನು ತೆಗೆದು ಹೊಸವನ್ನು ಹೂಳಿ, ಮನೆಮನೆಗೆ ಮೀಟರ್ ಕೂಡಿಸಲಾಗಿತ್ತು. ಪಕ್ಕದ ವಾರ್ಡಿನ ಹೆಣ್ಣುಮಕ್ಕಳು ಆಗಲೂ ಕೊಡ ಹಿಡಿದು ಸರದಿಯಲ್ಲಿ ನಿಂತಿದ್ದರು.