ಮೊದಲು ಕೇಬಲ್ ಟೈ, ಆಮೇಲೆ ಸ್ಪ್ರಿಂಗು

ಕಳೆದ ತಿಂಗಳು ಒಂದು ಶನಿವಾರ, ಇನ್ನೂ ಶಟರ್ ಪೂರ್ತಿ ಎತ್ತಿರಲಿಲ್ಲ, ಬೂದು ಬಣ್ಣದ ಪೋಲೊ ಜಿಟಿ ಟಿಎಸ್‌ಐ ಬಂದು ನಿಂತಿತು. ಗ್ಯಾರೇಜ್ ಮುಂದಿನ ಮೋರಿ ಚಪ್ಪಡಿ ಹತ್ತುವಾಗ ಬಂಪರ್ ಕರ್ರೆಂದಿದ್ದು ಒಳಗೆ ಕೂತಿದ್ದ ನನಗೇ ಕೇಳಿಸಿತು. ಹುಡುಗ ಇಳಿದವನೇ, "ಅಣ್ಣಾ, ಗಾಡಿ ಈಗ ಗೋ-ಕಾರ್ಟ್ ಥರ ಆಗಿದೆ. ಎಡಗಡೆ ಮಾತ್ರ ಏನೋ ಟಕ್ ಟಕ್ ಅನ್ನುತ್ತೆ, ಲಿಂಕ್ ರಾಡ್ ಇರ್ಬೇಕು, ನೋಡ್ತೀರಾ?" ಅಂದ.

ನೋಡಿದೆ. ಲಿಂಕ್ ರಾಡ್ ಗಟ್ಟಿಮುಟ್ಟಾಗಿತ್ತು. ಸ್ಪ್ರಿಂಗು ಹೊಸದು, 40 ಮಿ.ಮೀ. ಇಳಿಸುವಂಥದ್ದು. ಶಾಕ್ ಅಬ್ಸಾರ್ಬರ್ ಮಾತ್ರ ಕಂಪನಿಯದ್ದೇ, 70 ಸಾವಿರ ಕಿ.ಮೀ. ದುಡಿದು ಎಣ್ಣೆ ಒಸರುತ್ತಿತ್ತು. ರಬ್ಬರ್ ಕವರ್ ಮೇಲಕ್ಕೆತ್ತಿದರೆ ಬಂಪ್ ಸ್ಟಾಪ್ (ಶಾಕ್ ಪೂರ್ತಿ ಕುಗ್ಗಿದಾಗ ಕೊನೆಯ ಪೆಟ್ಟು ತಡೆಯುವ ನೊರೆ ರಬ್ಬರು) ಎರಡು ತುಂಡು. ಒಂದು ತುಂಡು ಶಾಕ್‌ನ ತಲೆಯ ಮೇಲೆ ಕೂತಿತ್ತು, ಉಳಿದದ್ದು ಅವಲಕ್ಕಿ ಪುಡಿಯಂತೆ ನನ್ನ ಅಂಗೈಗೆ ಉದುರಿತು. ಇವನು ಗೋ-ಕಾರ್ಟ್ ಅನ್ನುತ್ತಿದ್ದದ್ದು ಇದಕ್ಕೆ. ಮೂರು ತಿಂಗಳಿಂದ ಅವನ ಕಾರು ಸ್ಪ್ರಿಂಗಿನ ಮೇಲೆ ಓಡುತ್ತಿರಲಿಲ್ಲ, ಈ ಅಂಗೈಯಗಲದ ನೊರೆ ರಬ್ಬರಿನ ಮೇಲೆ ಓಡುತ್ತಿತ್ತು.

ಇಪ್ಪತ್ತು ವರ್ಷದಿಂದ ಸಸ್ಪೆನ್ಷನ್ ಕೆಲಸವನ್ನೇ ಮಾಡಿಕೊಂಡು ಬಂದಿದ್ದೇನೆ. ಎಂಜಿನ್ ರೀಮ್ಯಾಪ್, ಎಕ್ಸಾಸ್ಟ್ ಇತ್ಯಾದಿಗೆ ಯಾರು ಎಷ್ಟು ಸುರಿದರೂ ನನಗೆ ಬೇಜಾರಿಲ್ಲ. ಆದರೆ "ಗಾಡಿ ಇಳಿಸಿದ್ರೆ ಹ್ಯಾಂಡ್ಲಿಂಗ್ ಬರುತ್ತೆ" ಎನ್ನುವ ಮಾತನ್ನು ವಾರಕ್ಕೆ ನಾಲ್ಕು ಸಲ ಕೇಳಿ ಕೇಳಿ ಕಿವಿ ತೂತಾಗಿದೆ. ಅದಕ್ಕೇ ಇವತ್ತು ಅದೊಂದನ್ನೇ ಬಿಡಿಸಿ ಹೇಳುತ್ತೇನೆ. ಗೊತ್ತಿದ್ದವರು ಕ್ಷಮಿಸಬೇಕು.

ಚಕ್ರಕ್ಕೆ ಮೇಲೆ-ಕೆಳಗೆ ಓಡಾಡಲು ಒಂದಿಷ್ಟು ಜಾಗ ಇರುತ್ತದೆ. ನಾವು ಟ್ರಾವೆಲ್ ಅನ್ನುತ್ತೇವೆ. ಕಾರು ಸುಮ್ಮನೆ ನಿಂತಿರುವಾಗ ಚಕ್ರ ಇನ್ನೂ ಎಷ್ಟು ಮೇಲಕ್ಕೆ ಹೋಗಬಲ್ಲದು ಎನ್ನುವುದೇ ನಿಮ್ಮ ಆಸ್ತಿ. ಲೆಕ್ಕ ಸುಲಭವಾಗಲಿ ಅಂತ 70 ಮಿ.ಮೀ. ಇದೆ ಎಂದಿಟ್ಟುಕೊಳ್ಳಿ, ನಿಮ್ಮ ಕಾರಿನದ್ದು ಬೇರೆ ಇರಬಹುದು. 40 ಮಿ.ಮೀ. ಇಳಿಸಿದಿರಿ. ಉಳಿದದ್ದು 30. ಶಾಕ್ ಹಳೆಯದೇ, ಬಾಡಿ ಹಳೆಯದೇ, ಗುಂಡಿಯೂ ಹಳೆಯದೇ. ಜಾಗ ಮಾತ್ರ ಅರ್ಧಕ್ಕಿಂತ ಕಡಿಮೆಯಾಯಿತು.

"ಸ್ಪ್ರಿಂಗು ಗಟ್ಟಿ ಇದೆಯಲ್ಲ, ಅಷ್ಟು ಕೆಳಗೆ ಹೋಗೋದೇ ಇಲ್ಲ" ಎನ್ನುತ್ತಾರೆ. ಇಲ್ಲೇ ಎಲ್ಲರೂ ಎಡವುವುದು. ಒಂದು ಪೆಟ್ಟನ್ನು ನುಂಗುವ ಸ್ಪ್ರಿಂಗಿನ ಶಕ್ತಿ ಅದು ಎಷ್ಟು ಗಟ್ಟಿ ಎನ್ನುವುದಕ್ಕೆ ತಕ್ಕಂತೆ ಅಷ್ಟೇ ಪಟ್ಟು ಏರುತ್ತದೆ, ಎಷ್ಟು ದೂರ ಕುಗ್ಗುತ್ತದೆ ಎನ್ನುವುದಕ್ಕೆ ತಕ್ಕಂತೆ ವರ್ಗದ ಲೆಕ್ಕದಲ್ಲಿ ಏರುತ್ತದೆ. ಪಿಯುಸಿಯಲ್ಲಿ ಓದಿದ ಅರ್ಧ ಕೆ ಎಕ್ಸ್ ಸ್ಕ್ವೇರ್ ನೆನಪಿದೆಯಾ? ಅದೇ. 70ರಲ್ಲಿ ನುಂಗುತ್ತಿದ್ದ ಪೆಟ್ಟನ್ನು 30ರಲ್ಲೇ ನುಂಗಬೇಕಾದರೆ ಸ್ಪ್ರಿಂಗು ಐದು ಪಟ್ಟಿಗಿಂತ ಹೆಚ್ಚು ಗಟ್ಟಿಯಾಗಬೇಕು. ಮಾರುಕಟ್ಟೆಯಲ್ಲಿ ಸಿಗುವ ಇಳಿಸುವ ಸ್ಪ್ರಿಂಗುಗಳು ಸಾಮಾನ್ಯವಾಗಿ ಕಂಪನಿಯದ್ದಕ್ಕಿಂತ ಕಾಲು ಪಾಲು, ಹೆಚ್ಚೆಂದರೆ ಮೂರನೇ ಒಂದು ಪಾಲು ಹೆಚ್ಚು ಗಟ್ಟಿ ಇರುತ್ತವೆ, ಅಷ್ಟೇ. ಉಳಿದ ಪೆಟ್ಟನ್ನೆಲ್ಲ ತಿನ್ನುವುದು ಬಂಪ್ ಸ್ಟಾಪ್. ಅದೂ ತಿಂದು ಮುಗಿಸಿದ ಮೇಲೆ ಶಾಕ್ ಬಾಡಿಗೆ ಕೂರುವ ಸ್ಟ್ರಟ್ ಮೌಂಟ್, ಅದರ ಬೇರಿಂಗು, ಕೊನೆಗೆ ನಿಮ್ಮ ಸೊಂಟ.

ಸೊಂಟದ ವಿಷಯ ಹೋಗಲಿ, ಇಪ್ಪತ್ತೈದರ ವಯಸ್ಸಿನಲ್ಲಿ ಎಲ್ಲರಿಗೂ ಎರಡು ಸೊಂಟ ಇರುತ್ತದೆ. ನನಗೆ ಹೆದರಿಕೆ ತಿರುವಿನದ್ದು. ಆ ಹುಡುಗನ ಕಾರನ್ನು ನಾನೇ ಹೆಬ್ಬಾಳದ ಫ್ಲೈಓವರ್ ಕಡೆ ತೆಗೆದುಕೊಂಡು ಹೋದೆ. ತಿರುವಿನಲ್ಲಿ ಕಾರು ಹೊರಗಡೆಗೆ ವಾಲುತ್ತದಲ್ಲ, ಆಗಲೇ ಹೊರಗಿನ ಮುಂಚಕ್ರದ ಬಳಿ ಇದ್ದ 30 ಮಿ.ಮೀ. ಖರ್ಚಾಗಿ ಹೋಗಿರುತ್ತದೆ. ಅಷ್ಟರಲ್ಲಿ ಒಂದು ಎಕ್ಸ್‌ಪಾನ್ಷನ್ ಜಾಯಿಂಟ್ (ಸೇತುವೆಯ ತುಂಡುಗಳು ಸೇರುವ ಸಂದು) ಸಿಕ್ಕಿತು. ಚಕ್ರ ಮೇಲೆ ಹೋಗಲು ಜಾಗ ಎಲ್ಲಿದೆ? ಇಡೀ ಕಾರೇ ನೆಗೆಯಿತು. ಒಂದು ಕ್ಷಣ ಟೈರಿಗೂ ರಸ್ತೆಗೂ ಸಂಬಂಧವಿಲ್ಲ, ಮೂತಿ ಅರ್ಧ ಅಡಿ ಹೊರಕ್ಕೆ ಸರಿಯಿತು. ಒಣ ರಸ್ತೆ, ನಿಧಾನದ ವೇಗ, ಪಕ್ಕದಲ್ಲಿ ಯಾರೂ ಇರಲಿಲ್ಲ. ಇದೇ ಚಾರ್ಮಾಡಿಯ ಮಳೆಯಲ್ಲಿ ಆಗಿದ್ದರೆ ಏನು ಅಂತ ನಾನು ಅವನಿಗೆ ಹೇಳಲಿಲ್ಲ. ಮುಖ ನೋಡಿದರೆ ಅವನಿಗೇ ಹೊಳೆದಂತಿತ್ತು.

ಇನ್ನೊಂದು ವಿಷಯ, ಇದನ್ನು ಹೇಳಿದರೆ ಯಾರೂ ನಂಬುವುದಿಲ್ಲ. ಮುಂದೆ ಮ್ಯಾಕ್‌ಫರ್ಸನ್ ಸ್ಟ್ರಟ್, ಅಂದರೆ ಸ್ಪ್ರಿಂಗು-ಶಾಕ್ ಒಂದೇ ಕಂಬವಾಗಿ ಕೂತ ಜೋಡಣೆ, ಇರುವ ಕಾರುಗಳನ್ನು (ನಮ್ಮ ಹ್ಯಾಚ್‌ಬ್ಯಾಕ್‌ಗಳೆಲ್ಲ ಹೆಚ್ಚುಕಡಿಮೆ ಅವೇ) ಅತಿಯಾಗಿ ಇಳಿಸಿದರೆ ಚಕ್ರವನ್ನು ಕೆಳಗಡೆ ಹಿಡಿದಿರುವ ಲೋವರ್ ಆರ್ಮ್ ಚಕ್ರದ ಕಡೆ ಮೇಲ್ಮುಖವಾಗಿ ನಿಲ್ಲುತ್ತದೆ. ಆಗ ಕಾರು ಯಾವ ಬಿಂದುವಿನ ಸುತ್ತ ವಾಲುತ್ತದೋ ಆ ರೋಲ್ ಸೆಂಟರ್, ಕಾರಿನ ಭಾರದ ಕೇಂದ್ರಕ್ಕಿಂತ ಹೆಚ್ಚು ಕೆಳಗಿಳಿಯುತ್ತದೆ. ಭಾರದ ಕೇಂದ್ರಕ್ಕೂ ಅದಕ್ಕೂ ಅಂತರ ಹೆಚ್ಚಿದಷ್ಟೂ ವಾಲಿಸುವ ಬಲ ಹೆಚ್ಚು. ವಾಲುವುದನ್ನು ತಪ್ಪಿಸಲು ಇಳಿಸಿದ್ದು, ವಾಲಿಸುವ ಸನ್ನೆಗೋಲನ್ನೇ ಉದ್ದ ಮಾಡಿಕೊಂಡಂತಾಯಿತು.

ಕೆ1000 ರ್‍ಯಾಲಿಯ ಸರ್ವಿಸ್ ಪಾರ್ಕ್‌ಗೆ ಒಮ್ಮೆ ಹೋಗಿ ನೋಡಿ ಬನ್ನಿ. ಕೆಟ್ಟ ದಾರಿಯಲ್ಲಿ ಜೋರಾಗಿ ಓಡಿಸುವುದನ್ನೇ ಕಸುಬು ಮಾಡಿಕೊಂಡವರ ಕಾರುಗಳು ನೆಲಕ್ಕೆ ಅಂಟಿಕೊಂಡಿರುವುದಿಲ್ಲ, ಎತ್ತರಕ್ಕೆ ನಿಂತಿರುತ್ತವೆ. ಅವರು ಸಸ್ಪೆನ್ಷನ್‌ಗೆ ಸುರಿಯುವ ದುಡ್ಡಿನಲ್ಲಿ ಹೆಚ್ಚಿನದು ಟ್ರಾವೆಲ್ ಕೊಂಡುಕೊಳ್ಳಲು. ನಾವು ದುಡ್ಡು ಕೊಟ್ಟು ಇದ್ದ ಟ್ರಾವೆಲ್ ಕಳೆದುಕೊಳ್ಳುತ್ತೇವೆ. ರೇಸ್ ಟ್ರ್ಯಾಕಿನ ಕಾರು ತಗ್ಗಾಗಿರುತ್ತದೆ, ನಿಜ. ಕೊಯಮತ್ತೂರಿನ ಕರಿ ಸ್ಪೀಡ್‌ವೇನಲ್ಲಿ ಹಂಪ್ ಇಲ್ಲವಲ್ಲ ಸ್ವಾಮಿ. ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ ಮಾರ್ಗಸೂಚಿಯ ಹಂಪ್ 10 ಸೆಂ.ಮೀ. ಎತ್ತರ, 3.7 ಮೀಟರ್ ಅಗಲ, 25 ಕಿ.ಮೀ. ವೇಗದಲ್ಲಿ ದಾಟಬಹುದು. ನಮ್ಮ ಲೇಔಟುಗಳಲ್ಲಿ ಇರುವುದು ಯಾರೋ ರಾತ್ರೋರಾತ್ರಿ ಹಾಕಿಸಿದ ಟಾರಿನ ದಿಬ್ಬ. ಅದಕ್ಕೆ ಮಾರ್ಗಸೂಚಿ ಎಲ್ಲಿಂದ ಬಂತು?

ಹಾಗಾದರೆ ಏನು ಮಾಡಬೇಕು ಅಂತ ಕೇಳಿದರೆ ನನ್ನ ಉತ್ತರ ಯಾವಾಗಲೂ ಟೈರಿನಿಂದ ಶುರು. ಹಿಡಿತ ಬರುವುದೇ ಅಲ್ಲಿಂದ. ಸಸ್ಪೆನ್ಷನ್ ಮಾಡುವುದು ಆ ಟೈರನ್ನು ನೆಲಕ್ಕೆ ಒತ್ತಿ ಹಿಡಿಯುವ ಚಾಕರಿ ಮಾತ್ರ. ಕಂಪನಿಯ ಮೈಲೇಜ್ ಟೈರ್ ತೆಗೆದು ಒಳ್ಳೆಯ ಟೈರ್ ಹಾಕಿಸಿ, ಅಲೈನ್‌ಮೆಂಟ್ ಸರಿಮಾಡಿಸಿ, ಸವೆದ ಬುಷ್ ಬದಲಿಸಿದ ಮೇಲೆ ನನ್ನ ಗಿರಾಕಿಗಳಲ್ಲಿ ಅರ್ಧಕ್ಕರ್ಧ ಜನ ಮತ್ತೆ ಸಸ್ಪೆನ್ಷನ್ ಮಾತೆತ್ತಿಲ್ಲ. ವ್ಯಾಪಾರಕ್ಕೆ ನಷ್ಟ, ಇರಲಿ.

ಅಳತೆಯ ವಿಷಯದಲ್ಲಿ ಹೇಳಿದ್ದು ಕೇಳಿ. ಪೋಲೊಗೆ ಕಂಪನಿಯೇ ಕೊಟ್ಟ 185/60 ಆರ್15 ಟೈರಿನ ಗೋಡೆ 111 ಮಿ.ಮೀ. ಎತ್ತರ. ಚಂದಕ್ಕೆ ಅಂತ 17 ಇಂಚಿನ ಅಲಾಯ್ ಹಾಕಿಸಿ 205/40 ತೊಡಿಸಿದರೆ ಗೋಡೆ 82ಕ್ಕೆ ಇಳಿಯಿತು. ಆ 29 ಮಿ.ಮೀ. ಕೂಡ ಒಂದು ಥರ ಸಸ್ಪೆನ್ಷನ್ನೇ. ಗುಂಡಿಯ ಅಂಚು ಬಡಿದಾಗ ಮೊದಲು ತಡೆಯುವುದು ಅದು. ಸ್ಪ್ರಿಂಗಿನಲ್ಲಿ 40 ಕಳೆದು ಟೈರಿನಲ್ಲಿ 29 ಕಳೆದವರು ಮಳೆಗಾಲದಲ್ಲಿ ರಿಮ್ ಬೆಂಡ್ ತೆಗೆಸಲು ನನ್ನಲ್ಲಿಗೆ ಬರುತ್ತಾರೆ, ಟೈರಿನ ಪಕ್ಕದಲ್ಲಿ ನಿಂಬೆಹಣ್ಣಿನ ಗಾತ್ರದ ಬುಗುಟು ಹೊತ್ತುಕೊಂಡು. ಆಮೇಲಿನ ಜಿಟಿಗಳಿಗೆ ಕಂಪನಿಯೇ 195/55 ಆರ್16 ಕೊಟ್ಟಿತು. ಅಲ್ಲಿಗೆ ನಿಲ್ಲಿಸಿ ಎನ್ನುವುದು ನನ್ನ ಅಭಿಪ್ರಾಯ. ಯಾವ ಬ್ರ್ಯಾಂಡ್ ಎಂದರೆ, ದಿನಾ ಆಫೀಸಿಗೆ ಓಡಿಸುವ ಕಾರಿಗೆ ಒದ್ದೆ ರಸ್ತೆಯಲ್ಲಿ ಚೆನ್ನಾಗಿ ನಿಲ್ಲುವುದು ಬೇಕು. ಮಿಶೆಲಿನ್ ಪ್ರೈಮಸಿ, ಕಾಂಟಿನೆಂಟಲ್ ಅಲ್ಟ್ರಾಕಾಂಟ್ಯಾಕ್ಟ್ ಜಾತಿಯವು ಸಾಕು. ಟೈರಿನ ಮೇಲಿನ ನಾಲ್ಕಂಕಿಯ ಸಂಖ್ಯೆಯನ್ನು ನೀವೇ ಬಗ್ಗಿ ಓದಿ: 2323 ಎಂದರೆ 2023ರ 23ನೇ ವಾರದ ಮಾಲು. ಲೋಡ್ ಇಂಡೆಕ್ಸ್ (ಟೈರು ಎಷ್ಟು ಭಾರ ಹೊರಬಲ್ಲದು ಎನ್ನುವ ಅಂಕಿ) ಕಂಪನಿಯದ್ದಕ್ಕಿಂತ ಕಡಿಮೆ ಇರಬಾರದು. 84 ಎಂದರೆ ಒಂದು ಟೈರಿಗೆ 500 ಕಿಲೋ. ಗಾಳಿಯನ್ನು ಬಾಗಿಲ ಬಳಿಯ ಅಥವಾ ಪೆಟ್ರೋಲ್ ಮುಚ್ಚಳದ ಸ್ಟಿಕ್ಕರ್ ನೋಡಿ ಹಾಕಿಸಿ, ಬಂಕಿನ ಹುಡುಗನನ್ನು ಕೇಳಿ ಅಲ್ಲ. ಅವನು ಟಾಟಾ ಏಸ್‌ಗೂ ನಿಮಗೂ ಒಂದೇ ಲೆಕ್ಕ ಹಾಕುತ್ತಾನೆ.

ಟೈರ್ ಆದ ಮೇಲೂ ಆಸೆ ಉಳಿದಿದ್ದರೆ ಶಾಕ್ ಬದಲಿಸಿ, ಸ್ಪ್ರಿಂಗು ಕಂಪನಿಯದ್ದೇ ಇರಲಿ. ಬಿಲ್‌ಸ್ಟೈನ್‌ನವರು ಬಿ6, ಬಿ8 ಅಂತ ಎರಡು ಮಾಡುತ್ತಾರೆ. ಬಿ6 ಕಂಪನಿಯ ಎತ್ತರಕ್ಕೆ, ಬಿ8 ಇಳಿಸಿದ ಕಾರಿಗೆಂದೇ ಗಿಡ್ಡ ಮಾಡಿದ್ದು. ಇಳಿಸಿದ ಕಾರಿಗೆ ಬೇರೆಯದೇ ಶಾಕ್ ಬೇಕು ಅಂತ ಮಾಡುವವರೇ ಒಪ್ಪಿದ್ದಾರೆ, ನಮ್ಮವರು ಒಪ್ಪುವುದಿಲ್ಲ. ಕೋನಿಯ ಸ್ಪೆಷಲ್ ಆ್ಯಕ್ಟಿವ್ ನನಗೆ ಇಷ್ಟ. ಸಣ್ಣ ಗಡಗಡಕ್ಕೆ ಮೆತ್ತಗಾಗಿ, ಬಾಡಿಯ ನಿಧಾನದ ತೂಗಾಟಕ್ಕೆ ಬಿಗಿಯಾಗಿ ನಿಲ್ಲುತ್ತದೆ. ಕಾಯಿಲ್‌ಓವರ್ (ಎತ್ತರ ಹೊಂದಿಸಬಹುದಾದ ಸ್ಪ್ರಿಂಗು-ಶಾಕ್ ಜೋಡಿ) ಬೇಕೇ ಬೇಕು ಎನ್ನುವವರಿಗೆ ಒಂದೇ ಪ್ರಶ್ನೆ ಕೇಳುತ್ತೇನೆ: ಎತ್ತರ ಇಳಿಸುವಾಗ ಸ್ಪ್ರಿಂಗ್ ಕೂರುವ ತಟ್ಟೆ ಮಾತ್ರ ಇಳಿಯುತ್ತದಾ, ಅಥವಾ ಶಾಕ್‌ನ ಉದ್ದವನ್ನೇ ಬೇರೆಯಾಗಿ ತಿರುಗಿಸಿ ಕಡಿಮೆ ಮಾಡಬಹುದಾ? ತಟ್ಟೆ ಮಾತ್ರ ಇಳಿದರೆ ಟ್ರಾವೆಲ್ ಮತ್ತೆ ಹೋಯಿತು. ಉದ್ದ ಬೇರೆಯಾಗಿ ಬದಲಾಗುವಂಥದ್ದಾದರೆ ಟ್ರಾವೆಲ್ ಉಳಿಯುತ್ತದೆ. ಟೈರು ಒಳಗಿನ ಫೆಂಡರ್‌ಗೆ ತಾಗುತ್ತದೆಯೇ ಎಂದು ಮಾತ್ರ ಆಮೇಲೆ ನೋಡಿಕೊಳ್ಳಬೇಕು.

ಕಾನೂನಿನ ಮಾತನ್ನೂ ಹೇಳಿಬಿಡಬೇಕು, ನಾನು ವಕೀಲನಲ್ಲ. ಮೋಟಾರು ವಾಹನ ಕಾಯಿದೆಯ 52ನೇ ಕಲಮಿನ ಪ್ರಕಾರ ಆರ್‌ಸಿಯಲ್ಲಿರುವ ವಿವರ ಬದಲಾಗುವಂತೆ ವಾಹನ ಮಾರ್ಪಡಿಸುವಂತಿಲ್ಲ. 2019ರ ತಿದ್ದುಪಡಿಯ ನಂತರ ಕಾನೂನು ಒಪ್ಪದ ಪ್ರತಿ ಮಾರ್ಪಾಡಿಗೂ 5,000 ರೂಪಾಯಿ ದಂಡವಿದೆ, ಆರು ತಿಂಗಳವರೆಗೆ ಸೆರೆಯೂ ಇದೆ. ಏನೇ ಬದಲಿಸುವ ಮುಂಚೆ ಆರ್‌ಟಿಓದಲ್ಲಿ, ಇನ್ಶೂರೆನ್ಸ್‌ನವರಲ್ಲಿ ಬರಹದಲ್ಲಿ ಕೇಳಿಕೊಳ್ಳುವುದು ಕ್ಷೇಮ.

ಆ ಹುಡುಗನ ಕಥೆಗೆ ಬರುತ್ತೇನೆ. ಅಂದು ಹಳೆಯ ಸ್ಪ್ರಿಂಗು ಮನೆಯ ಸಜ್ಜೆಯ ಮೇಲಿದೆ ಅಂದ. ಅವರಮ್ಮ ಎಸೆಯಲು ಬಿಟ್ಟಿರಲಿಲ್ಲವಂತೆ. ಆ ತಾಯಿ ಹಿಂದಿನ ಸೀಟಿನಲ್ಲಿ ಕೂತು ಧರ್ಮಸ್ಥಳಕ್ಕೆ ಹೋಗಿಬಂದ ಮೇಲೆ "ಮುಂದಿನ ಸಲ ನಾನು ಕೆಂಪು ಬಸ್ಸಲ್ಲೇ ಬರ್ತೀನಿ" ಅಂದಿದ್ದರಂತೆ. ಅದೇ ಸ್ಪ್ರಿಂಗು ತರಿಸಿ, ಹೊಸ ಶಾಕು, ಹೊಸ ಬಂಪ್ ಸ್ಟಾಪು ಹಾಕಿದೆ. ಕೊನೆಗೆ ಅವನೆದುರಿಗೇ, ಮುಂದಿನ ಎರಡೂ ಕಡೆ ಶಾಕ್‌ನ ಹೊಳೆಯುವ ರಾಡಿಗೆ ಒಂದೊಂದು ರೂಪಾಯಿಯ ಕೇಬಲ್ ಟೈ ಬಿಗಿದು, ಕಾರು ನೆಲದ ಮೇಲಿರುವಾಗ ಶಾಕ್‌ನ ತಲೆಗೆ ತಾಗಿಸಿಟ್ಟೆ. ಗುಂಡಿ ಬಂದಾಗ ಶಾಕ್ ಆ ಟೈಯನ್ನು ಮೇಲಕ್ಕೆ ತಳ್ಳುತ್ತದೆ. ಕಾರನ್ನು ಲಿಫ್ಟಿಗೆ ಏರಿಸಿದಾಗ ಚಕ್ರ ಜೋತುಬಿದ್ದರೂ ಟೈ ಹೋದ ಜಾಗದಲ್ಲೇ ಕಚ್ಚಿಕೊಂಡಿರುತ್ತದೆ. ಅದಕ್ಕೂ ಬಂಪ್ ಸ್ಟಾಪಿಗೂ ನಡುವೆ ಉಳಿದದ್ದೇ ನೀವು ಇಳಿಸಲು ಇರುವ ಬಂಡವಾಳ. "ಒಂದು ವಾರ ನಿನ್ನ ದಾರಿಯಲ್ಲಿ ನಿನ್ನ ಥರಾನೇ ಓಡಿಸು, ಮನೆಯವರನ್ನೂ ಕೂರಿಸ್ಕೊ. ಆಮೇಲೆ ಎಷ್ಟು ಇಳಿಸೋಣ ಅಂತ ನೀನೇ ಹೇಳು" ಅಂದೆ.

ಮುಂದಿನ ಶನಿವಾರ ಬಂದ. ಮೋರಿ ಚಪ್ಪಡಿ ಹತ್ತುವಾಗ ಸದ್ದಿಲ್ಲ. ಲಿಫ್ಟಿಗೆ ಏರಿಸಿ ಕವರ್ ಎತ್ತಿ ಟಾರ್ಚ್ ಹಿಡಿದೆ. ಎಡಗಡೆ ಬೆರಳು ತೂರುವಷ್ಟೂ ಸಂದಿಲ್ಲ, ಬಲಗಡೆಯೂ ಅಷ್ಟೆ. ಕಂಪನಿಯ ಎತ್ತರದಲ್ಲೇ ಎರಡೂ ಟೈಗಳು ಬಂಪ್ ಸ್ಟಾಪಿಗೆ ಹೋಗಿ ಅಂಟಿದ್ದವು. ಸ್ವಲ್ಪ ಮುಟ್ಟುವುದು ತಪ್ಪಲ್ಲ, ಅದಿರುವುದೇ ಅದಕ್ಕೆ ಎಂದೂ ಹೇಳಿದೆ. ಅವನು ಟಾರ್ಚ್ ಇಸಿದುಕೊಂಡು ಎರಡೂ ಕಡೆ ತಾನೇ ಬಗ್ಗಿ ನೋಡಿದ. ಒಂದು ನಿಮಿಷ ಮಾತಿಲ್ಲ. ಆಮೇಲೆ ಕೈ ಒರೆಸಿಕೊಳ್ಳುತ್ತಾ, "ಅಣ್ಣಾ... ಬರೀ ಹಿಂದ್ಗಡೆ ಇಳಿಸಿದ್ರೆ?" ಅಂದ.