ಗಾಲ್ಫ್ ಮೈದಾನದಲ್ಲಿ ನೀರು ನಿಂತರೆ ಮೊದಲು ಹಳೆ ಪೈಪಿನ ಬಾಯಿ ಹುಡುಕಿ

ಚಳಿಗಾಲದ ದುರಸ್ತಿ ಶುರುವಾಯಿತು ಅಂದರೆ ನನಗೆ ಬರುವ ಪ್ರಶ್ನೆ ಒಂದೇ: ‘ಫೇರ್‌ವೇಯಲ್ಲಿ ನೀರು ನಿಲ್ಲುತ್ತಿದೆ, ಎಷ್ಟು ಪೈಪ್ ಬೇಕು?’ ಫೇರ್‌ವೇ ಅಂದರೆ ಗುಳಿಯ ಕಡೆಗೆ ಸಾಗುವ, ಕತ್ತರಿಸಿದ ಹುಲ್ಲಿನ ಉದ್ದ ಪಟ್ಟಿ. ಪೈಪಿನ ಲೆಕ್ಕ ಆಮೇಲೆ. ನೀರು ಬಸಿಯಲೆಂದು ನೆಲದಡಿ ಈಗಾಗಲೇ ಹಾಕಿರುವ ಪೈಪು ಎಲ್ಲಿಗೆ ಹೋಗಿ ಬೀಳುತ್ತಿದೆ ಅಂತ ಮೊದಲು ಕೇಳುತ್ತೇನೆ. ಬಹಳ ಕಡೆ ಯಾರಿಗೂ ಗೊತ್ತಿರುವುದಿಲ್ಲ. ಹಳ್ಳದ ದಂಡೆಯ ಪೊದೆ ಸವರಿ ನೋಡಿದರೆ ಪೈಪಿನ ಬಾಯಿ ಹೂಳಿನಲ್ಲಿ ಮುಚ್ಚಿರುತ್ತದೆ, ಇಲ್ಲವೇ ಒಳಗೆ ಬೇರು ತುಂಬಿಕೊಂಡಿರುತ್ತದೆ. ಅದನ್ನು ಬಿಡಿಸಿ, ರಭಸದ ನೀರು ಹಾಯಿಸಿ ತೊಳೆದರೆ ಎಷ್ಟೋ ಸಲ ಹೊಸ ಪೈಪಿನ ಮಾತೇ ಬರುವುದಿಲ್ಲ.

ಈ ಕಾಲದಲ್ಲಿ ಆಟಗಾರರು ಕಡಿಮೆ, ಅದು ಸರಿ. ಅದಕ್ಕಿಂತ ದೊಡ್ಡ ಅನುಕೂಲ ಅಂದರೆ ನೀರು ತಾನಾಗಿಯೇ ಕಣ್ಣಿಗೆ ಬೀಳುತ್ತದೆ. ಮಳೆ ನಿಂತ ಮೇಲೆ ಒಮ್ಮೆ, ಮರುದಿನ ಇನ್ನೊಮ್ಮೆ ಸುತ್ತಾಡಿ. ಒದ್ದೆ ಜಾಗದ ಅಂಚಿಗೆ ಕಡ್ಡಿ ನೆಟ್ಟು ಫೋಟೊ ತೆಗೆಯಿರಿ. ಇಳಿಜಾರಿನ ಬುಡದಲ್ಲಿ ಮಳೆ ಬಿಟ್ಟು ದಿನಗಳಾದರೂ ಜೌಗು ಆರದಿದ್ದರೆ ಅದು ಮೇಲಿಂದ ಒಸರಿ ಬರುವ ನೀರು. ಆಗ ಜೌಗಿನ ನಡುವೆ ಅಗೆದು ಲಾಭವಿಲ್ಲ. ಅದರ ಮೇಲ್ಗಡೆ, ಇಳಿಜಾರಿಗೆ ಅಡ್ಡಲಾಗಿ ಬಸಿಗಾಲುವೆ ತೆಗೆದು ನೀರನ್ನು ಅಲ್ಲೇ ಹಿಡಿಯಬೇಕು.

ಇನ್ನು ಸಲಿಕೆ ಪರೀಕ್ಷೆ. ನೀರು ನಿಂತ ಕಡೆ ಒಂದು ಗೇಣು ಆಳದ ಹೆಂಟೆ ಎತ್ತಿ, ಪಕ್ಕದಿಂದ ನೋಡಿ. ಮೇಲಿನ ಎರಡು ಬೆರಳಷ್ಟು ಮಣ್ಣು ತೊಟ್ಟಿಕ್ಕುತ್ತಿದ್ದು, ಕೆಳಗೆ ಬರೀ ತೇವ ಇದ್ದರೆ? ನೀರು ಇಳಿಯುತ್ತಲೇ ಇಲ್ಲ ಅಂತ ಅರ್ಥ. ಮೇಲ್ಮಣ್ಣು ಓಡಾಟಕ್ಕೆ ಬಿಗಿದುಕೊಂಡಿದೆ, ಅಥವಾ ಥ್ಯಾಚ್, ಅಂದರೆ ಸತ್ತ ಬೇರು-ಕಾಂಡಗಳ ಪದರ, ಸ್ಪಂಜಿನ ಹಾಗೆ ನೀರು ಹಿಡಿದಿದೆ. ಅಂಥಲ್ಲಿ ಪೈಪು ದುಡ್ಡು ದಂಡ. ಟೊಳ್ಳು ಮೊಳೆಯ ಯಂತ್ರದಿಂದ ತೂತು ಹೊಡೆದು, ಬಂದ ಮಣ್ಣು ತೆಗೆದು, ಒಣ ಮರಳು ತುಂಬಿಸಿ. ಹೆಂಟೆಯಲ್ಲಿ ಕಪ್ಪು ಪಟ್ಟೆ ಕಂಡು ಕೊಳೆತ ಮೊಟ್ಟೆಯ ವಾಸನೆ ಬಂದರೆ ಬೇರಿಗೆ ಗಾಳಿಯೇ ಸಿಗುತ್ತಿಲ್ಲ, ತಡ ಮಾಡಬೇಡಿ.

ಕಾಲುವೆ ತೋಡಲೇಬೇಕು ಅಂತಾದರೆ ನೀರು ಬೀಳುವ ತುದಿಯಿಂದ ಶುರುಮಾಡಿ ಮೇಲಕ್ಕೆ ಹೋಗಿ. 100 ಮೀಟರಿಗೆ ಕನಿಷ್ಠ 50 ಸೆಂಟಿಮೀಟರ್ ಇಳಿತ ಇರಲಿ. ಕಣ್ಣಂದಾಜು ಬೇಡ, ಲೆವೆಲ್ ಇಟ್ಟೇ ನೋಡಿ. ಪೈಪಿನ ಸುತ್ತ ತೊಳೆದ ಜಲ್ಲಿ, ಮೇಲೆ ಮರಳು. ಅಗೆದ ಜೇಡಿಮಣ್ಣನ್ನೇ ವಾಪಸ್ ತುಂಬಿದರೆ ನೀರು ಪೈಪಿನವರೆಗೆ ಬರುವುದೇ ಇಲ್ಲ. ಈ ತಪ್ಪು ಎಷ್ಟು ಸಾಮಾನ್ಯ ಅಂದರೆ ಬೇಸರವಾಗುತ್ತದೆ. ಮುಚ್ಚುವ ಮೊದಲು ಪೈಪ್ ಸಾಗಿದ ದಾರಿಯನ್ನು ನಕ್ಷೆಗೆ ಹಾಕಿಬಿಡಿ.

ಗ್ರೀನ್, ಅಂದರೆ ಗುಳಿಯ ಸುತ್ತಲಿನ ನುಣುಪು ಹುಲ್ಲುಹಾಸು, ಅದರ ಕಥೆ ಬೇರೆ. ಅಮೆರಿಕದ ಗಾಲ್ಫ್ ಸಂಸ್ಥೆ ಯುಎಸ್‌ಜಿಎಯ ಪದ್ಧತಿಯಲ್ಲಿ ಕಟ್ಟಿದ ಗ್ರೀನ್‌ನಲ್ಲಿ ಸುಮಾರು 30 ಸೆಂಟಿಮೀಟರ್ ಮರಳಿನ ಪದರ, ಅದರ ಕೆಳಗೆ 10 ಸೆಂಟಿಮೀಟರ್ ಜಲ್ಲಿ ಇರುತ್ತದೆ. ಜಲ್ಲಿಯ ಮೇಲಿನ ಮರಳು ಸ್ವಲ್ಪ ನೀರನ್ನು ಬೇಕೆಂತಲೇ ಹಿಡಿದಿಟ್ಟುಕೊಳ್ಳುತ್ತದೆ. ಅದನ್ನು ದೋಷ ಅಂದುಕೊಂಡು ಸುಮ್ನೆ ಸೀಳಬೇಡಿ.

ಒಂದು ಮಾತು ಯಂತ್ರದವರಿಗೆ. ಮಣ್ಣು ಹದವಿಲ್ಲದಾಗ ಟ್ರ್ಯಾಕ್ಟರ್ ಇಳಿಸಿದರೆ ಒಂದು ಕಡೆ ನೀರು ಬಸಿಯುತ್ತ ಹತ್ತು ಕಡೆ ನೆಲ ಬಿಗಿ ಮಾಡಿದಂತೆ. ಅಂಗೈಯಲ್ಲಿ ಮಣ್ಣಿನ ಉಂಡೆ ಕಟ್ಟಿ ಹೆಬ್ಬೆರಳಲ್ಲಿ ಒತ್ತಿ. ಒಡೆದರೆ ಕೆಲಸ ನಡೆಸಿ, ಅಂಟಂಟಾಗಿ ಚಪ್ಪಟೆಯಾದರೆ ಕಾಯಿರಿ. ಹೋಗಲೇಬೇಕಾದರೆ ಹಲಗೆ ಹಾಸಿ. ಚಳಿಯಲ್ಲಿ ಹುಲ್ಲು ನಿಧಾನ ಬೆಳೆಯುತ್ತದೆ, ಗಾಯ ಬೇಗ ಮಾಯುವುದಿಲ್ಲ. ಹಾಗಾಗಿ ಹುಲ್ಲುಹಾಸನ್ನು ಚಕ್ಕೆಯಾಗಿ ಎತ್ತಿಟ್ಟು ಮತ್ತೆ ಕೂರಿಸುವುದು ಒಳ್ಳೆಯದು. ಮುಚ್ಚಿದ ಕಾಲುವೆ ಕೆಲವು ತಿಂಗಳಲ್ಲಿ ಕುಸಿದೇ ಕುಸಿಯುತ್ತದೆ. ಅದಕ್ಕೆಂದು ಒಂದಷ್ಟು ಮರಳು ಈಗಲೇ ತೆಗೆದಿಡಿ.